ಶೇವಂತೆವ್ವ ರೇಣುಕಾಳಿಗೆ ಏನಾಗಬೇಕು?

ಮಾನ್ಯರೇ,

ಸತ್ತುಹೋದ ಅಜ್ಜಿಯನ್ನು ಅಜ್ಜಿ ಎಂದು ಕರೆದ ಅಪರಾಧಕ್ಕಾಗಿ ಬಸವನ ಬಾಗೇವಾಡಿ ಘಟಕದ ರೇಣುಕಾಳನ್ನು ಬರುವ ಸೋಮವಾರ ನೌಕರಿಯಿಂದ ತೆಗೆಯಲು ತಾವು ಸಿದ್ಧರಾಗಿದ್ದೀರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ನಾಲ್ಕು ಬೇಳೆ ಗಿರಣಿಗಳಿಗೆ ತಾವು ಮಾನವ ಸಂಪನ್ಮೂಲ ಮುಖ್ಯಾಧಿಕಾರಿಗಳು. ತೊಗರಿಯ ಸಿಪ್ಪೆ ತೆಗೆಯುವ ಯಂತ್ರ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಮನುಷ್ಯರ ಸಿಪ್ಪೆ ತೆಗೆಯಲು ಮಾಲೀಕರು ತಮ್ಮನ್ನು ತರಿಸಿಕೊಂಡರು. ರೇಣುಕಾಳ ವಿಷಯವಾಗಿ ತಮಗೆ ಖಾಸಗಿಯಾಗಿ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಉತ್ತರ ಒಂದು ನಿಮಿಷದೊಳಗೆ ಬಂತು. ಎರಡು ಪುಟದ ಪತ್ರವನ್ನು ಒಂದು ನಿಮಿಷದಲ್ಲಿ ಓದಿ, ಮನಸ್ಸಿಗೆ ತಂದುಕೊಂಡು, ಅಮೂಲ್ಯವೆಂದು ಬೆಲೆ ಕಟ್ಟುವ ತಮ್ಮ ಶಕ್ತಿಗೆ ಕೈಮುಗಿದೆ. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಮನೆಯವರು ಓದುತ್ತಾರೆ.

ಬರೆಯುತ್ತಿರುವವನು ಯಾರೆಂದು ಹೇಳಿಬಿಡುತ್ತೇನೆ. ನಾನು ಬಸವನ ಬಾಗೇವಾಡಿ ಘಟಕದಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಹಾಜರಿ ಗುಮಾಸ್ತ. ಹೆಸರು ಗುರುರಾಜ, ಕೆಲಸಗಾರರು ನನ್ನನ್ನು ರಾಯರು ಎನ್ನುತ್ತಾರೆ. ಸಂಘ ಕಟ್ಟಿದವನಲ್ಲ, ಘೋಷಣೆ ಕೂಗಿದವನಲ್ಲ, ಮೇಲಿನವರ ಎದುರು ದನಿ ಎತ್ತಿದವನೂ ಅಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವರ ಹೆಸರಿನ ಮುಂದೆ ಕೆಂಪು ಮಸಿಯಿಂದ ‘ಗೈ’ ಎಂದು ಬರೆಯುವುದರಲ್ಲಿ ನನಗೆ ಒಂದು ಕಾಲಕ್ಕೆ ಸಣ್ಣ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ? ಹೆದರುವವನು ಹೆದರಿಸಲು ಸಿಕ್ಕ ಅವಕಾಶವನ್ನು ಬಿಡುವುದಿಲ್ಲ. ಅದು ತಮಗೂ ಗೊತ್ತಿರುವ ವಿಷಯವೇ.

ನಿಯಮಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ‘ಮಣ್ಣು’ ಎಷ್ಟು ರಜೆ ತಿನ್ನುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಊರಲ್ಲಿ ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಹೋಗಲೇಬೇಕು. ಮದುವೆಗೆ ಹೋಗದಿದ್ದರೆ ಮುನಿಸು, ಮಣ್ಣಿಗೆ ಹೋಗದಿದ್ದರೆ ಸಂಬಂಧವೇ ಮುಗಿಯಿತು. ಹೆಣವನ್ನು ಅಂಗಳದಲ್ಲಿ ಕೂಡಿಸಿರುತ್ತಾರೆ, ಭಜನೆ ನಡೆದಿರುತ್ತದೆ, ಬರಬೇಕಾದವರು ಬಂದು ಮುಖ ನೋಡುವ ತನಕ ಎತ್ತುವುದಿಲ್ಲ. ಇದನ್ನೇ ನೆಪ ಮಾಡಿಕೊಂಡವರೂ ಇದ್ದಾರೆ. ಸಿಂದಗಿ ಘಟಕದಲ್ಲಿ ಚೀಲ ಹೊರುವ ಪರಸಪ್ಪ ಒಂದೇ ಸುಗ್ಗಿಯಲ್ಲಿ ಒಬ್ಬನೇ ಸೋದರಮಾವನನ್ನು ಮೂರು ಸಲ ಮಣ್ಣು ಮಾಡಿದ. ನಾಲ್ಕನೆಯ ಸಲ ಅವನು ಮಣ್ಣಿಗೆ ಹೋದ ದಿನ ಆ ಮಾವನೇ ಸೈಕಲ್ ಹತ್ತಿ ಗೇಟಿಗೆ ಬಂದು, “ನಮ್ಮ ಪರಸ್ಯಾ ಅದಾನೇನ್ರೀ? ಒಂದೀಟ ಕರೀರಲ್ಲ,” ಎಂದ. ನಾಲ್ಕೂ ಘಟಕಗಳಲ್ಲಿ ಎಂಟು ದಿನ ಇದೇ ಮಾತು, ಇದೇ ನಗು. ಪರಸಪ್ಪನನ್ನು ಕರೆದು ನಾಲ್ಕು ಬಿರುಸಾದ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಾವು ಕೈಪಿಡಿ ಬರೆದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೆ. ಪರಸಪ್ಪನಿಗೆ ನೆಗಡಿ ಬಂದದ್ದಕ್ಕೆ ರೇಣುಕಾಳ ಮೂಗು ಕೊಯ್ದವರನ್ನು ತಮ್ಮಲ್ಲೇ ಮೊದಲು ಕಂಡೆ.

‘ನೌಕರರ ನಡತೆ ಮತ್ತು ಹಾಜರಾತಿ ಕೈಪಿಡಿ’, ಅರವತ್ತನಾಲ್ಕು ಪುಟ, ಮುಖಪುಟದಲ್ಲಿ ಕೈ ಕೈ ಹಿಡಿದು ನಗುವ ಜನ. ಅವರಲ್ಲಿ ಒಬ್ಬರೂ ನಮ್ಮ ಗಿರಣಿಯವರಲ್ಲ. ಅದರ ಹದಿನೇಳನೆಯ ನಿಯಮ ‘ಶೋಕ ರಜೆ’. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಅತ್ತೆ, ಮಾವ ಇವರು ಸತ್ತರೆ ಮೂರು ದಿನ. ಉಳಿದವರು ಸತ್ತರೆ ಅದು ಅವರ ಖಾಸಗಿ ವಿಷಯ. ಅರ್ಜಿಯನ್ನು ಆ್ಯಪಿನಲ್ಲಿಯೇ ಹಾಕಬೇಕು, ಸಂಬಂಧವನ್ನು ಪಟ್ಟಿಯಿಂದ ಆರಿಸಬೇಕು. ಇಪ್ಪತ್ನಾಲ್ಕು ತಾಸಿನೊಳಗೆ, ಅರ್ಜಿದಾರರ ಮುಖ ಮತ್ತು ಮೃತರ ಮುಖ ಎರಡೂ ಸ್ಪಷ್ಟವಾಗಿ ಕಾಣುವಂತೆ, ಊರು, ತಾರೀಖು, ವೇಳೆ ಮೂಡಿರುವ ಜಿಪಿಎಸ್ ಫೋಟೊ ಸೇರಿಸಬೇಕು. ಒಮ್ಮೆ ಕೊಟ್ಟ ಮಾಹಿತಿಯನ್ನು ಬದಲಿಸಿದರೆ ಸುಳ್ಳು ಮಾಹಿತಿ ಎಂದು ಪರಿಗಣಿಸಿ ವಜಾ. ಇದರ ಕರಡನ್ನು ಇಂಡಿಯಲ್ಲಿ ನಮ್ಮೆಲ್ಲ ಗುಮಾಸ್ತರ ಮುಂದೆ ಓದಿದಿರಿ. ‘ಸ್ಥಳೀಯರ ಸಲಹೆ’ ಪಡೆಯುವ ಸಭೆ ಅದು. ಊಟಕ್ಕೆ ಮೊದಲಿನ ಇಪ್ಪತ್ತು ನಿಮಿಷ ಸಲಹೆಗೆ, ಊಟದ ನಂತರದ್ದು ಸಹಿಗೆ. ಇಂಡಿಯ ಗುಮಾಸ್ತೆ ನಸ್ರೀನ ಮಾತ್ರ ಎದ್ದುನಿಂತು, “ಸರ್, ಅಜ್ಜ ಅಜ್ಜಿನ್ನ ಸೇರಸ್ರಿ. ಅವರ ಮಣ್ಣಿಗಿ ಹೋಗದ ಹೆಂಗ ಇರೂದ್ರಿ?” ಎಂದಳು. ತಾವು ನಕ್ಕು, “ಒಬ್ಬೊಬ್ಬರಿಗಿ ನಾಕ ನಾಕ ಅಜ್ಜ ಅಜ್ಜಿ ಇರ್ತಾರ. ಅಷ್ಟೂ ಮಂದಿ ಸಾಯಾಕ ಹತ್ತಿದ್ರ ನಾವು ಗಿರಣಿಗಿ ಕೀಲಿ ಹಾಕಬೇಕಾಗ್ತೈತಿ,” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋಳಿಗೆ ಊಟ ಮಾಡಿ, ಕೈ ತೊಳೆದುಕೊಂಡು ಸಹಿ ಹಾಕಿದೆ.

ಕೈಪಿಡಿಯ ಒಂಬತ್ತನೆಯ ಪುಟದಲ್ಲಿ ಇನ್ನೊಂದು ನಿಯಮವೂ ಇದೆ, ತಮಗೆ ಮರೆತಿರಬಹುದು. ಬೇಳೆ ಒಡೆಯುವ ವಿಭಾಗದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಧೂಳಿನ ಮುಖಗವಸು ಕೊಡತಕ್ಕದ್ದು, ತಿರುಗುವ ಪಟ್ಟಿಗಳಿಗೆ ಜಾಳಿಗೆ ಹಾಕತಕ್ಕದ್ದು. ಮುಖಗವಸು ಒಮ್ಮೆ ಬಂತು, ಫೋಟೊ ತೆಗೆಸಿಕೊಂಡ ಮೇಲೆ ಮತ್ತೆ ಬರಲಿಲ್ಲ. ಹೆಂಗಸರು ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಕೆಮ್ಮುತ್ತ ಆರಿಸುತ್ತಾರೆ. ಆ ನಿಯಮ ಪಾಲಿಸದಿದ್ದರೆ ಯಾರನ್ನು ವಜಾ ಮಾಡಬೇಕೆಂದು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ, ಅರವತ್ತನಾಲ್ಕು ಪುಟವನ್ನೂ ಹುಡುಕಿದ್ದೇನೆ. ಕೆಳಗಿನವರು ಮುರಿಯುವ ನಿಯಮಕ್ಕೆ ಮಾತ್ರ ತಮ್ಮಲ್ಲಿ ಹಲ್ಲು ಮೂಡುತ್ತದೆ, ಮೇಲಿನವರು ಮುರಿಯುವುದಕ್ಕೆ ಬೊಚ್ಚು ಬಾಯಿ.

ಈಗ ರೇಣುಕಾಳ ವಿಷಯಕ್ಕೆ ಬರುತ್ತೇನೆ. ಅವಳ ಊರು ಇಂಗಳೇಶ್ವರ. ಒಂಬತ್ತು ವರ್ಷಗಳಿಂದ ನಮ್ಮಲ್ಲಿ ಬೇಳೆ ಆರಿಸುತ್ತಾಳೆ. ಹೆತ್ತ ತಾಯಿ ತೀರಿಕೊಂಡಾಗ ಎರಡು ವರ್ಷದ ಕೂಸು. ತಾಯಿಯ ತಾಯಿ ಶೇವಂತೆವ್ವ ಅವಳನ್ನು ಎತ್ತಿಕೊಂಡು ಬಂದು ಸಾಕಿದಳು, ಬೆಳೆಸಿದಳು, ಕೊನೆಗೆ ತನ್ನ ಕಿರಿಯ ಮಗ ಸಂಗುವಿಗೇ ತಂದುಕೊಂಡಳು. ಅಂದರೆ ಸೋದರಮಾವನನ್ನೇ ರೇಣುಕಾ ಮದುವೆಯಾದಳು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದು ತಮಗೆ ಹೇಳಬೇಕಾಗಿಲ್ಲ. ಹೀಗೆ ಶೇವಂತೆವ್ವ ಅವಳಿಗೆ ಅಜ್ಜಿ, ಸಾಕಿದ್ದರಿಂದ ತಾಯಿ, ಮದುವೆಯಾದ ಮೇಲೆ ಅತ್ತೆ. ಮೂರರಲ್ಲಿ ಎರಡಕ್ಕೆ ತಮ್ಮ ನಿಯಮದಲ್ಲಿ ರಜೆ ಇದೆ. ರೇಣುಕಾ ಮಾತ್ರ ಹುಟ್ಟಿದಾಗಿನಿಂದ ಕರೆದದ್ದು ‘ಆಯಿ’ ಎಂದು, ಅಜ್ಜಿಗೆ ನಮ್ಮಲ್ಲಿ ಹಾಗೇ ಅನ್ನುತ್ತಾರೆ. ಸೊಸೆಯಾದ ಮೇಲೆ ಕರೆಯುವ ಹೆಸರನ್ನು ಬದಲಿಸಬೇಕೆಂದು ಅವಳಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ, ಸುಗ್ಗಿ ಬಿಸಿಯಲ್ಲಿದ್ದಾಗ, ಶೇವಂತೆವ್ವ ಮುಂಜಾನೆ ತೀರಿಕೊಂಡಳು. ಸಂಗು ಫೋನು ಮಾಡಿದ. ಕೆಲಸದ ವೇಳೆ ಎಲ್ಲರ ಫೋನುಗಳೂ ತಮ್ಮ ಆಜ್ಞೆಯಂತೆ ಗೇಟಿನ ಪೆಟ್ಟಿಗೆಯಲ್ಲಿರುತ್ತವೆ, ಯಾರೂ ಮುಟ್ಟುವಂತಿಲ್ಲ. ಕೊನೆಗೆ ಕಾವಲುಗಾರ ಕಾಸಿಂಸಾಬ ನನ್ನ ಹತ್ತಿರ ಬಂದು, “ರಾಯರ, ಒಂದ ಫೋನು ಮುಂಜಾನಿಂದ ಹನ್ನೆರಡ ಸಲ ಬಡ್ಕೊಂಡೈತ್ರಿ. ಯಾರದೋ ಮನ್ಯಾಗ ಏನೋ ಆಗೇತಿ,” ಎಂದ. ಹನ್ನೊಂದು ಗಂಟೆಗೆ ರೇಣುಕಾಳಿಗೆ ಸುದ್ದಿ ತಿಳಿಯಿತು. ಅವಳು ಧೂಳು ಮೆತ್ತಿದ ಮುಖದಲ್ಲೇ ಓಡಿ ಬಂದು ನನ್ನ ಮೇಜಿನ ಮುಂದೆ ನಿಂತಳು. ನಾನು ಕಂಪ್ಯೂಟರಿನಲ್ಲಿ ಹದಿನೇಳನೆಯ ನಿಯಮ ತೆರೆದು, “ತೀರಿಕೊಂಡವರು ನಿನಗ ಏನಾಗಬೇಕವಾ?” ಎಂದು ಕೇಳಿದೆ. “ನಮ್ಮ ಆಯಿರೀ,” ಎಂದಳು. ನಾನು ಪಟ್ಟಿಯಲ್ಲಿ ‘ಅಜ್ಜಿ’ ಒತ್ತಿದೆ, ಅವಳ ಬೆರಳು ಹಿಡಿದು ಯಂತ್ರದ ಮೇಲೆ ಇಟ್ಟೆ. ಒಂದು ಸೆಕೆಂಡಿನಲ್ಲಿ ಉತ್ತರ: ‘ಅರ್ಹ ಸಂಬಂಧವಲ್ಲ. ಅರ್ಜಿ ತಿರಸ್ಕೃತ. ತಮ್ಮ ದಿನ ಶುಭವಾಗಿರಲಿ.’

ಶುಭವಾಗಿರಲಿ ಎಂದು ಬರೆದವರು ಯಾರು ಮಾನ್ಯರೇ? ಅವರಿಗೆ ಬಡ್ತಿ ಕೊಟ್ಟಿದ್ದೀರಾ?

ಘಟಕದ ವ್ಯವಸ್ಥಾಪಕ ಅರುಣಕುಮಾರರ ಬಳಿ ಹೋದೆ. “ನನ್ನ ಕೈಯಾಗ ಏನೈತ್ರಿ ರಾಯರ? ಆ್ಯಪ್ ಬ್ಯಾಡ ಅಂದಿದ್ದಕ್ಕ ನಾ ಹೂಂ ಅಂದ್ರ ನಾಳಿ ನನಗೂ ನೋಟಿಸ್ ಬರ್ತೈತಿ,” ಎಂದರು. ತಮಗೆ ಫೋನು ಮಾಡಿದೆ. ತಾವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: “ಗುರುರಾಜ್ರ, ಒಬ್ಬಾಕಿಗಿ ಬಿಟ್ಟರ ನಾಳಿಂದ ನಾಕೂ ಗಿರಣ್ಯಾಗ ದಿನಾ ಒಂದೊಂದ ಆಯಿ ಸಾಯ್ತಾಳ. ಪಾಲಿಸಿ ಅಂದ್ರ ಪಾಲಿಸಿ.” ಹಿಂದೆ ಯಾರೋ ತಮಗೆ ಚಹಾ ತಂದುಕೊಟ್ಟ ಸದ್ದು, ತಾವು “ಸಕ್ರಿ ಕಡಿಮಿ ಆಗೇತಿ” ಎಂದದ್ದು, ಎರಡೂ ನನಗೆ ಕೇಳಿಸಿದವು. ಅಷ್ಟರಲ್ಲಿ ಒಂದು ಗಂಟೆಯಾಗಿತ್ತು. ಅಲ್ಲಿ ಇಂಗಳೇಶ್ವರದಲ್ಲಿ ಹೆಣ ಬಿಸಿಲಿಗೆ ಕುಳಿತಿತ್ತು, ಮೊಮ್ಮಗಳೂ ಸೊಸೆಯೂ ಆದವಳು ಬರಲೆಂದು ಊರು ಕಾಯುತ್ತಿತ್ತು. ರೇಣುಕಾ ಇನ್ನು ಯಾರನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗೇಟಿಗೆ ನಡೆದಳು. ಕಾಸಿಂಸಾಬ ಗೇಟು ತೆಗೆದ. ಅನುಮತಿ ಚೀಟಿ ಎಲ್ಲಿ ಎಂದು ಅರುಣಕುಮಾರರು ಕೂಗಿದ್ದಕ್ಕೆ ಅವನು ಹೇಳಿದ್ದು ಇಷ್ಟೆ: “ಮಣ್ಣಿಗಿ ಹೊಂಟಾಕಿನ್ನ ಗೇಟಿನ್ಯಾಗ ತಡದ್ರ, ನಾಳಿ ನನಗ ಯಾರ ಮಣ್ಣ ಕೊಡ್ತಾರ್ರೀ ಸಾಹೇಬ್ರ?” ಈ ಒಂದು ಮಾತಿಗೆ ಅವನಿಗೂ ತಮ್ಮಿಂದ ಜ್ಞಾಪನಾ ಪತ್ರ ಬಂತು. ಅರವತ್ತು ದಾಟಿದ ಮನುಷ್ಯ, ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರವೇ ಬಂದ.

ಅವಳು ಗೇಟು ದಾಟುವಾಗ ನಾನು ಹಿಂದಿನಿಂದ ಓಡಿಹೋಗಿ ಒಂದು ಬುದ್ಧಿಮಾತು ಹೇಳಿದೆ. ಅದನ್ನು ನೆನೆದರೆ ಈಗ ನನ್ನ ನಾಲಿಗೆ ಕಿತ್ತು ಒಗೆಯಬೇಕು ಅನಿಸುತ್ತದೆ. “ಹೆಂಗರೆ ಮಾಡಿ ಒಂದು ಫೋಟೋ ತಗಸ್ಕೊಂಡು ಬಾರವಾ, ಆಮ್ಯಾಲೆ ನಾ ಎಲ್ಲಾ ಸರಿ ಮಾಡ್ತೀನಿ,” ಎಂದೆ. ಅಂಗಳದಲ್ಲಿ ಏನಾಯಿತೆಂದು ಸಂಗು ನನಗೆ ಆಮೇಲೆ ಹೇಳಿದ. ಬಂದವಳು ಆಯಿಯ ಕಾಲ ಮೇಲೆ ಬಿದ್ದು ಅತ್ತಳಂತೆ. ಆಮೇಲೆ ತಟ್ಟನೆ ಎದ್ದು, ಕಣ್ಣೊರೆಸಿಕೊಂಡು, ಗಂಡನ ಕೈಗೆ ಫೋನು ಕೊಟ್ಟು ಹೆಣದ ಪಕ್ಕ ಕುಳಿತಳಂತೆ. ಭಜನೆ ನಿಂತುಹೋಯಿತು. ತಾಳ ಹಿಡಿದಿದ್ದ ಊರ ಹಿರಿಯ ಗುರಲಿಂಗಪ್ಪ, “ಏನವಾ ರೇಣುಕಾ, ಅಳೂದ ಬಿಟ್ಟ ಫೋಟೋ ಹೊಡಸ್ಕೊಳ್ಳಾಕತ್ತಿ? ಸತ್ತಾಕಿ ಕೂಡ ಎಂಥಾ ಹೌಸೇವಾ ಇದು?” ಎಂದ. ಇಡೀ ಓಣಿ ಅವಳನ್ನೇ ನೋಡುತ್ತಿತ್ತು. ಕಂಪನಿಯ ನಿಯಮ ಎಂದು ಹೆಣದ ಮುಂದೆ ಹೇಳುವುದಾದರೂ ಹೇಗೆ?

ಆ್ಯಪಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಕ್ಯಾಮೆರಾವನ್ನೇ ತಾವು ಈ ಫೋಟೊಗೂ ಜೋಡಿಸಿದ್ದೀರಿ. ಗೋಡೆಗೆ ತೂಗುಹಾಕಿದ ಭಾವಚಿತ್ರ ತೋರಿಸಿ ಯಾರೂ ಮೋಸ ಮಾಡಬಾರದೆಂದು, ಆ ಕ್ಯಾಮೆರಾ ಜೀವಂತ ಮನುಷ್ಯರ ಗುರುತು ಕೇಳುತ್ತದೆ. ಸಂಗುವಿನ ಬಾಯಲ್ಲೇ ಕೇಳಿ: “ಮೊದಲನೇ ಸಲ ಈಕಿ ಅಳಾಕತ್ತಿದ್ಳರಿ, ‘ಕಣ್ಣು ತೆರೆಯಿರಿ’ ಅಂತ ಅಂತು. ಎರಡನೇ ಸಲ ಕಣ್ಣ ತಗದ್ಳು. ಆಗ ‘ಚೌಕಟ್ಟಿನಲ್ಲಿ ಇರುವ ಎಲ್ಲರೂ ಕಣ್ಣು ಮಿಟುಕಿಸಿ’ ಅಂತ ಅಂತರಿ. ಈಕಿ ಮಿಟುಕಿಸಿದ್ಳು. ನಮ್ಮವ್ವ ಎಲ್ಲಿಂದ ಮಿಟುಕಿಸ್ಬೇಕ್ರೀ?” ನಾಲ್ಕು ಸಲ ಮಾಡಿದರಂತೆ. ನಾಲ್ಕನೆಯ ಸಲವೂ ಶೇವಂತೆವ್ವ ನಿಯಮ ಪಾಲಿಸಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಬಗ್ಗೆ ನಮ್ಮ ಹಿರಿಯರು ಗಾದೆ ಮಾಡಿದ್ದರು. ಅಂಥವರು ಆ್ಯಪ್ ಮಾಡುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಬೇರೆ ಕ್ಯಾಮೆರಾದಲ್ಲಿ ತೆಗೆದು ನನಗೆ ಕಳಿಸಿದರು. ಆಮೇಲೆ ಶೇವಂತೆವ್ವನನ್ನು ಎತ್ತಿದರು.

ಆ ಸಂಜೆ ಮನೆಗೆ ಹೋಗಿ ಇದನ್ನೆಲ್ಲ ಹೆಂಡತಿ ನಲಿನಿಗೆ ಹೇಳಿದೆ. ಅವಳು ಒಲೆ ಆರಿಸಿ ನನ್ನ ಮುಂದೆ ಬಂದು ನಿಂತಳು. ನಲಿನಿ ನನ್ನ ಅಕ್ಕನ ಮಗಳು. “ಅಲ್ರೀ, ಇಪ್ಪತ್ತೆಂಟು ವರ್ಷ ನನ್ನ ಜೋಡಿ ಸಂಸಾರ ಮಾಡೀರಿ. ನಿಮ್ಮ ಅವ್ವ ನನಗ ಅಜ್ಜಿನೂ ಹೌದು, ಅತ್ತಿನೂ ಹೌದು. ಆ ಹುಡುಗಿ ಆಯಿ ಅಂದ ಕೂಡ್ಲೇ, ನಿನ್ನ ಗಂಡ ಯಾರ ಮಗ ಅಂತ ಒಂದು ಮಾತು ಕೇಳಲಿಕ್ಕೆ ಆಗ್ಲಿಲ್ಲೇನ್ರೀ? ಬುದ್ಧಿ ಎಲ್ಲಿ ಇಟ್ಟಿದ್ರಿ?” ಎಂದಳು. ಎಲ್ಲಿ ಇಟ್ಟಿದ್ದೆ? ತಮ್ಮ ಪಟ್ಟಿಯಲ್ಲಿ ಇಟ್ಟಿದ್ದೆ. ನನ್ನ ಮನೆಯಲ್ಲೇ ಇರುವ ಸಂಬಂಧ, ನಾನೇ ಬಾಳುತ್ತಿರುವ ಸಂಬಂಧ, ಆ ಕಂಪ್ಯೂಟರಿನ ಮುಂದೆ ಕುಳಿತರೆ ಮರೆತುಹೋಗುತ್ತದೆ ಎಂದರೆ ನನ್ನಂಥ ಕತ್ತೆ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಮೂರು ದಿನದ ಕಾರ್ಯ ಮುಗಿಸಿ ರೇಣುಕಾ ಬಂದಳು. ನಾನು ‘ಅತ್ತೆ’ ಎಂದು ತಿದ್ದಿ ಅರ್ಜಿ ಮತ್ತೆ ಹಾಕಿದೆ, ಅವರು ಕಳಿಸಿದ್ದ ಫೋಟೊ ಸೇರಿಸಿದೆ, ವಿವರವಾಗಿ ಕಾರಣವನ್ನೂ ಬರೆದೆ. ತಮ್ಮ ಕಡೆಯಿಂದ ನೋಟಿಸು ಬಂತು. ಒಬ್ಬಳೇ ಮೃತಳನ್ನು ಒಮ್ಮೆ ಅಜ್ಜಿ ಎಂದೂ ಒಮ್ಮೆ ಅತ್ತೆ ಎಂದೂ ತೋರಿಸಿ ಸಂಸ್ಥೆಯನ್ನು ವಂಚಿಸಲು ಯತ್ನಿಸಿದ್ದೀರಿ, ನಿಮ್ಮನ್ನು ಏಕೆ ವಜಾ ಮಾಡಬಾರದು? ಎರಡೂ ನಿಜ ಎಂದು ನಾನು ತಮಗೆ ಹೇಳಿದೆ. “ಸಾಫ್ಟ್‌ವೇರಿನ್ಯಾಗ ಒಬ್ಬರಿಗಿ ಒಂದ ಸಂಬಂಧ,” ಎಂದಿರಿ. ಒತ್ತಿದವನು ನಾನು ಎಂದೆ. “ಬೆರಳ ಯಾರದು?” ಎಂದಿರಿ. ಸ್ವಾಮಿ, ಸಾಫ್ಟ್‌ವೇರ್ ಬರೆದವರಿಗೆ ನಮ್ಮ ಮನೆತನಗಳು ಗೊತ್ತಿಲ್ಲ, ಬಿಡಿ. ತಾವು ಹೊರಗಿನವರಾಗಿದ್ದರೆ ತಮ್ಮನ್ನೂ ಬಿಡುತ್ತಿದ್ದೆ. ತಾವು ಇಲ್ಲೇ ಇಂಡಿ ತಾಲ್ಲೂಕಿನ ಲಚ್ಯಾಣದವರು. ಎರಡು ವರ್ಷದ ಹಿಂದೆ ತಮ್ಮ ತಂದೆಯವರು ತೀರಿಕೊಂಡಾಗ ನಾಲ್ಕೂ ಗಿರಣಿ ಬಂದ್ ಮಾಡಿಸಿ ಲಾರಿಗಳಲ್ಲಿ ನಮ್ಮ ಮುನ್ನೂರು ಜನರನ್ನು ಲಚ್ಯಾಣಕ್ಕೆ ಸಾಗಿಸಿದಿರಿ. ಆ ದಿನದ ಹಾಜರಿಯನ್ನು ತಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ನಾನೇ ಹಿಡಿದೆ, ತಾವೇ ಹಿಡಿಸಿದಿರಿ. ಬಾರದ ಹನ್ನೊಂದು ಜನರ ಹೆಸರಿನ ಮುಂದೆ ಕೆಂಪು ಮಸಿ ಬಿತ್ತು. ಅಂದು ತಮ್ಮ ತಂದೆ ಆ ಮುನ್ನೂರು ಜನರಿಗೆ ಏನಾಗಬೇಕಿತ್ತು? ಪಟ್ಟಿಯಲ್ಲಿ ಯಾವ ಚೌಕ ಒತ್ತಬೇಕಿತ್ತು?

ಮಾರ್ಚಿನಲ್ಲಿ ಮುದ್ದೇಬಿಹಾಳದಲ್ಲಿ ತಾವು ನಡೆಸಿದ ತರಬೇತಿಯನ್ನು ಮರೆತಿಲ್ಲ ಎಂದುಕೊಳ್ಳುತ್ತೇನೆ. ಬಾಡಿಗೆ ಸಭಾಂಗಣ, ನಾಲ್ಕೂ ಘಟಕದವರು, ಪರದೆಯ ಮೇಲೆ ಒಂದೊಂದೇ ಚಿತ್ರ. ಹದಿನೇಳನೆಯ ನಿಯಮಕ್ಕೆ ಬಂದಾಗ ಪರದೆಯ ಮೇಲೆ ಶೇವಂತೆವ್ವ ಮೂಡಿದಳು. ಗೋಡೆಯಷ್ಟು ದೊಡ್ಡ ಮುಖ, ಹಣೆ ತುಂಬ ವಿಭೂತಿ, ಗದ್ದಕ್ಕೆ ಬಿಗಿದ ಅರಿವೆ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಅತ್ತು ಬಾತ ಕಣ್ಣುಗಳನ್ನು ಕಷ್ಟಪಟ್ಟು ತೆರೆದಿಟ್ಟ ರೇಣುಕಾ. ಮೇಲೆ ಕೆಂಪು ಅಕ್ಷರದಲ್ಲಿ ‘ತಪ್ಪು ಮಾದರಿ’. ತಾವು ಕೈಯಲ್ಲಿನ ಕೆಂಪು ಬೆಳಕನ್ನು ಸತ್ತವಳ ಹಣೆಯ ಮೇಲೆ ಆಡಿಸುತ್ತ ವಿವರಿಸಿದಿರಿ: ವಿಭೂತಿಯಿಂದಾಗಿ ಗುರುತು ಹಿಡಿಯಲಾಗುತ್ತಿಲ್ಲ, ಮಾಲೆಯಿಂದ ಕತ್ತು ಮುಚ್ಚಿದೆ, ಆದ್ದರಿಂದ ಫೋಟೊವನ್ನು ಶೃಂಗಾರಕ್ಕೆ ಮೊದಲೇ ತೆಗೆಯತಕ್ಕದ್ದು. ಮುಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಅವರ ಹೆಸರು ಬರೆಯುವುದಿಲ್ಲ. ಬಡ್ತಿಯ ಆಸೆಗೆ ನಕ್ಕವರಿಗೆ ಬಡ್ತಿ ಸಿಗಲಿ. ಮೂರನೆಯ ಸಾಲಿನಲ್ಲಿ ರೇಣುಕಾ ಕುಳಿತಿದ್ದಳು. ಅವಳು ಅಲ್ಲಿದ್ದಾಳೆ ಎಂದು ತಮಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ ತಾವು ನಿರ್ಲಕ್ಷ್ಯದವರು. ಗೊತ್ತಿದ್ದರೆ ತಾವು ಏನು ಎಂದು ಬರೆಯಲು ಪತ್ರಿಕೆಯವರು ಒಪ್ಪುವುದಿಲ್ಲ.

ರೇಣುಕಾ ಎದ್ದುನಿಂತಳು. ಕೂಗಲಿಲ್ಲ, ಅಳಲಿಲ್ಲ. “ಸಾಹೇಬ್ರ, ಆಕಿ ಹೆಸರ ಶೇವಂತೆವ್ವ ಅಂತೈತ್ರಿ,” ಎಂದಳು. ತಾವು ಗಡಿಯಾರ ನೋಡಿಕೊಂಡು, “ಪ್ರಶ್ನೆಗಳಿದ್ದರೆ ಕೊನೆಯಲ್ಲಿ,” ಎಂದಿರಿ. ಮುಂದಿನ ಚಿತ್ರಕ್ಕೆ ಹೋದಿರಿ. ಆಮೇಲೆ ಅವಳ ನೋಟಿಸಿನಲ್ಲಿ ಇನ್ನೊಂದು ಸಾಲು ಸೇರಿತು: ತರಬೇತಿಗೆ ಅಡ್ಡಿಪಡಿಸಿದ್ದು. ಗಾಯಕ್ಕೆ ಉಪ್ಪು ಸವರುವವರನ್ನು ಕಂಡಿದ್ದೇನೆ, ಸವರಿದ ಉಪ್ಪಿಗೆ ರಸೀದಿ ಕೇಳುವವರನ್ನು ಕಂಡಿರಲಿಲ್ಲ.

ಈಗ ತಮ್ಮ ಔದಾರ್ಯದ ವಿಷಯ. ಕಳೆದ ವಾರ ತಾವು ನನ್ನನ್ನು ಕರೆಸಿ ಒಂದು ಕಾಗದ ಕೊಟ್ಟಿರಿ. ರೇಣುಕಾ ಇದಕ್ಕೆ ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ, ಹಾಕದಿದ್ದರೆ ಈ ಬರುವ ಸೋಮವಾರದ ವಿಚಾರಣೆಯಲ್ಲಿ ವಜಾ, ನೀವೇ ಹೋಗಿ ತಿಳಿಹೇಳಿ ಎಂದಿರಿ. ನಾನು ಕಳೆದ ಭಾನುವಾರ ಬೈಕ್ ಹತ್ತಿ ಇಂಗಳೇಶ್ವರಕ್ಕೆ ಹೋದೆ. ಹೋಗುವಾಗ ಖುಷಿಯಲ್ಲೇ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ನೌಕರಿ ಉಳಿಯಿತಲ್ಲ, ನನ್ನ ತಪ್ಪೂ ತೊಳೆದುಹೋಯಿತಲ್ಲ ಎಂದು. ರೇಣುಕಾ ಚಹಾ ಕೊಟ್ಟಳು. “ಓದ್ರಿ ರಾಯರ,” ಎಂದಳು. ಓದಿದೆ. ‘ದಿವಂಗತ ಶೇವಂತೆವ್ವ ಎಂಬುವವರು ನನ್ನ ಅಜ್ಜಿಯಲ್ಲ ಎಂದೂ, ಅವರನ್ನು ಅಜ್ಜಿ ಎಂದು ನಾನು ನೀಡಿದ ಮಾಹಿತಿ ಸುಳ್ಳೆಂದೂ ಸ್ವಇಚ್ಛೆಯಿಂದ ದೃಢೀಕರಿಸುತ್ತೇನೆ.’ ಅವಳು ಇನ್ನೊಮ್ಮೆ ಓದಿಸಿದಳು. ಎರಡನೆಯ ಸಲ ಓದುವಾಗ ನನ್ನ ದನಿ ನನಗೇ ಹೇಸಿಗೆಯಾಯಿತು.

ಸಂಗು ಬಾಗಿಲಲ್ಲಿ ಕುಳಿತಿದ್ದ. ಮಗಳ ಕಾಲೇಜಿದೆ, ಅವನ ಟ್ರ್ಯಾಕ್ಟರ್ ಕೆಲಸ ವರ್ಷದಲ್ಲಿ ಆರು ತಿಂಗಳು. “ಮಾಡಿಬಿಡ. ಸತ್ತಾಕಿ ಎದ್ದ ಬಂದ ಕೇಳ್ತಾಳೇನ?” ಎಂದ. ಸತ್ತವಳು ಅವನ ಹೆತ್ತ ತಾಯಿ, ಮಾನ್ಯರೇ. ತಾಯಿಯ ಬಗ್ಗೆ ಮಗನ ಬಾಯಲ್ಲಿ ಈ ಮಾತು ಬರಿಸಿದ್ದು ತಮ್ಮ ಹದಿನೇಳನೆಯ ನಿಯಮ. ನಾನೂ ದನಿಗೂಡಿಸಿದೆ, “ಬರೇ ಒಂದು ಸಹಿವಾ, ಕಾಗದದ ಮ್ಯಾಲಿನ ಮಾತು,” ಎಂದೆ. ರೇಣುಕಾ ಗಂಡನ ಕಡೆಗೇ ನೋಡುತ್ತ ಹೇಳಿದಳು, “ಆಕಿ ಕೇಳಾಕ ಬರಂಗಿಲ್ಲ. ಅದಕ್ಕ ನಾ ಮಾಡಂಗಿಲ್ಲ.” ಆಮೇಲೆ ನನಗೆ, “ನೌಕರಿ ಹೋದ್ರ ಇನ್ನೊಬ್ಬರ ಹೊಲಕ್ಕ ಹೋಗ್ತೇನ್ರಿ ರಾಯರ. ನೀವು ಚಾ ಕುಡೀರಿ, ಆರಾಕತ್ತೈತಿ,” ಎಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ನನ್ನ ಬೇಡಿಕೆ ಹೀಗಿದೆ. ರೇಣುಕಾಳ ಮೇಲಿನ ನೋಟಿಸನ್ನೂ ಕಾಸಿಂಸಾಬನ ಜ್ಞಾಪನಾ ಪತ್ರವನ್ನೂ ಹಿಂತೆಗೆದುಕೊಳ್ಳಿ. ಶೇವಂತೆವ್ವನ ಚಿತ್ರವನ್ನು ತಮ್ಮ ತರಬೇತಿಯಿಂದ ಅಳಿಸಿ, ಅಳಿಸಿದ್ದನ್ನು ನಾಲ್ಕೂ ಘಟಕದ ಫಲಕದಲ್ಲಿ ಬರೆದು ಹಚ್ಚಿ. ಹೆಣದ ಫೋಟೊ ಕೇಳುವ ಸಾಲನ್ನು ಹೊಡೆದುಹಾಕಿ. ಸುಳ್ಳು ಮಾಹಿತಿಗೆ ಯಾರನ್ನಾದರೂ ತೆಗೆಯಲೇಬೇಕೆಂದು ಕೈ ತುರಿಸುತ್ತಿದ್ದರೆ, ಆ ಚೌಕ ಒತ್ತಿದವನು ನಾನು. ನನ್ನ ಹೇಳಿಕೆ ಬರೆದು ಸಹಿ ಮಾಡಿ ಕಳಿಸಿದ್ದೇನೆ. ತಮ್ಮ ಪರ ಸಾಕ್ಷಿ ಹೇಳಲು ಸೋಮವಾರ ನನ್ನನ್ನು ಕರೆದಿದ್ದೀರಿ, ಬರುತ್ತೇನೆ, ಇದನ್ನೇ ಹೇಳುತ್ತೇನೆ.

ಇದ್ಯಾವುದೂ ಆಗುವುದಿಲ್ಲ ಎನ್ನುವುದಾದರೆ, ಸಹಿಯಿಲ್ಲದ ಆ ಕಾಗದವನ್ನು ತಮಗೇ ಹಿಂದಿರುಗಿಸಿದ್ದೇನೆ. ‘ದಿವಂಗತ’ ಎಂಬುದನ್ನೂ ಶೇವಂತೆವ್ವನ ಹೆಸರನ್ನೂ ಬಿಳಿ ಹಚ್ಚಿ ಅಳಿಸಿದ್ದೇನೆ, ಆ ಜಾಗ ಖಾಲಿಯಿದೆ. ಲಚ್ಯಾಣದಲ್ಲಿ ತಮ್ಮ ಆಯಿ ಇನ್ನೂ ಇದ್ದಾರೆ, ತೊಂಬತ್ತು ದಾಟಿದ್ದಾರೆ, ಕಿವಿ ಚುರುಕಾಗಿದೆ ಎಂದು ಕೇಳಿದ್ದೇನೆ. ಈ ಭಾನುವಾರ ಊರಿಗೆ ಹೋಗಿ. ಖಾಲಿ ಜಾಗದಲ್ಲಿ ಅವರ ಹೆಸರು ಬರೆಯಿರಿ. ಅವರ ಎದುರಿಗೆ ಕುಳಿತು ಒಮ್ಮೆ ದೊಡ್ಡದಾಗಿ ಓದಿ ಹೇಳಿ, ಅವರು ತಿಳಿಯಲಿಲ್ಲ ಎಂದರೆ ಇನ್ನೊಮ್ಮೆ ಓದಿ. ಆಮೇಲೆ ಕೆಳಗೆ ಸಹಿ ಹಾಕಿ. ತಮ್ಮ ಕೈ ಆ ಸಹಿ ಹಾಕಿದರೆ, ಸೋಮವಾರ ರೇಣುಕಾಳನ್ನು ತೆಗೆದುಹಾಕಿ. ನಾನು ಒಂದು ಮಾತೂ ಆಡುವುದಿಲ್ಲ.

ಇಂತಿ, ಪಟ್ಟಿ ನೋಡಿ ಮನುಷ್ಯರನ್ನು ಮರೆತ,
ಗುರುರಾಜ ಗಲಗಲಿ
ಹಾಜರಿ ಗುಮಾಸ್ತ, ಬಸವನ ಬಾಗೇವಾಡಿ ಘಟಕ
(ಈ ಪತ್ರ ಅಚ್ಚಾಗುವ ತನಕ)